ನಾಯಿಗೆಂದು ಕೊರೆದ ತೂತು

ಮುರಿದ ಹಲಗೆಯ ಕೆಳಮೈಗೆ ಏಳು ಬೊಟ್ಟುಗಳು ಅಂಟಿದ್ದವು.

ಐದು ಕೆಂಪು, ಎರಡು ಕರಿ. ಹೆಂಗಸರು ಮಲಗುವ ಮುಂಚೆ ಹಣೆಯಿಂದ ಕಿತ್ತು ಕನ್ನಡಿಯ ಮೂಲೆಗೆ ಒತ್ತಿಡುತ್ತಾರಲ್ಲ, ಅಂಥ ಸ್ಟಿಕ್ಕರ್ ಬೊಟ್ಟುಗಳು. ಹಲಗೆಯನ್ನು ಬೆಳಕಿಗೆ ಮಗುಚಿ ಹಿಡಿದ ಗಿಡ್ಡಪ್ಪ ಮೇಸ್ತ್ರಿ ಹಿಡಿದಂತೆಯೇ ನಿಂತ. ಇಲ್ಲಿ ಕನ್ನಡಿ ಇರಲಿಲ್ಲ. ಈ ಹಲಗೆಯೇ ಚಾವಣಿಯಾಗಿ ಅದರ ಕೆಳಗೆ ಇದ್ದದ್ದು ಒಂದು ಮರದ ಡಬ್ಬಿ. ಒಂದೂವರೆ ವರ್ಷದ ಹಿಂದೆ ಅದನ್ನು ಅವನೇ ಮಾಡಿದ್ದ. ನಾಯಿಗೆಂದು.

"ಮಾಬೂಬೀ, ಹೊಲಿಗೆ ಬಿಟ್ಟು ಇಲ್ಲಿ ಬಾ."

"ಯಾಕ, ಹಾವೇನಾದ್ರೂ ಐತೇನು?"

"ಹಾವಾಗಿದ್ರೆ ಹೊಡೀತಿದ್ದೆ. ಬಾ."

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಳೆ ರಸ್ತೆಯ ಬದಿಗಿರುವ ಈ ಶೆಡ್ಡು ಲಾರಿಗಳಿಗೆ ಬಾಡಿ ಕಟ್ಟುವ ಜಾಗ. ಗಿಡ್ಡಪ್ಪ ಇಲ್ಲಿ ಇಪ್ಪತ್ತೆಂಟು ವರ್ಷದಿಂದ ಮರ ಕೊಯ್ಯುತ್ತಿದ್ದಾನೆ. ಹೆಸರಷ್ಟೇ ಗಿಡ್ಡ, ಆಳು ಆರಡಿ ಎರಡಿಂಚು. ಮಾಬೂಬೀ ಲಾರಿಗಳಿಗೆ ತಾಡಪಾಲು ಹೊಲಿಯುವವಳು. ಮೇಸ್ತ್ರಿಯ ಮೇಲೆ ದನಿ ಏರಿಸುವ ಹಕ್ಕು ಈ ಶೆಡ್ಡಿನಲ್ಲಿ ಇರುವುದು ಅವಳಿಗೊಬ್ಬಳಿಗೇ. ಅವಳು ಬಂದು, ಕನ್ನಡಕ ಸರಿಮಾಡಿಕೊಂಡು, ಬೊಟ್ಟುಗಳನ್ನು ನೋಡಿದಳು. ಒಂದನ್ನು ಉಗುರಿನಿಂದ ಮುಟ್ಟಿದಳು. ಅಂಟು ಇನ್ನೂ ಒಣಗಿರಲಿಲ್ಲ.

"ಯಾ ಅಲ್ಲಾ," ಎಂದಳು.

ಹಲಗೆ ಬಿಚ್ಚಿದ ಗಾಡಿ ದಾವಣಗೆರೆಯ ಅಶ್ವಥ್‌ನದು. ಪಿಕಪ್ಪಿನ ಬೆನ್ನ ಮೇಲೆ ಕೂರಿಸಿದ ಪುಟ್ಟ ಮನೆ. ಓಡುವಾಗ ಅದರ ಚಾವಣಿ ತಗ್ಗಿರುತ್ತದೆ. ನಿಲ್ಲಿಸಿ ನಾಲ್ಕು ಕಂಬಿ ಮೇಲೆತ್ತಿದರೆ ಚಾವಣಿ ಎರಡೂವರೆ ಅಡಿ ಎದ್ದು ಸುತ್ತಲೂ ತಾಡಪಾಲಿನ ಗೋಡೆ ಬಿಚ್ಚಿಕೊಳ್ಳುತ್ತದೆ. ಒಳಗೆ ಎದೆಮಟ್ಟದಲ್ಲಿ ಮಲಗುವ ಹಲಗೆ, ಅದರ ಮೇಲೆ ಮೆತ್ತನೆ ಹಾಸಿಗೆ. ಹಂಪಿ, ಚಿತ್ರದುರ್ಗ, ಸೂಳೆಕೆರೆ ಎಂದು ಸುತ್ತುವವರಿಗೆ ಅಶ್ವಥ್ ಇದನ್ನು ಬಾಡಿಗೆಗೆ ಕೊಡುತ್ತಾನೆ. ಜೊತೆಗೆ ಒಬ್ಬ ಡ್ರೈವರ್, ಒಬ್ಬಳು ಅಡುಗೆಯವಳು. ಡ್ರೈವರ್ ಮುಂದಿನ ಸೀಟಿನಲ್ಲಿ ಮಲಗುತ್ತಾನೆ. ಅಡುಗೆಯವಳು ಎಲ್ಲಿ ಮಲಗುತ್ತಾಳೆ ಎಂದು ಕಟ್ಟುವಾಗ ಗಿಡ್ಡಪ್ಪ ಕೇಳಿರಲಿಲ್ಲ. ಬಾಡಿ ಕಟ್ಟುವವರು ಅಳತೆ ಕೇಳುತ್ತಾರೆ, ಒಳಗೆ ಏನು ತುಂಬುತ್ತೀರಿ ಎಂದು ಕೇಳುವುದಿಲ್ಲ. ಮರಳೋ, ಎಮ್ಮೆಯೋ, ಸಾರಾಯಿಯೋ, ಕೇಳಿದವನಿಗೆ ಮುಂದಿನ ಗಾಡಿ ಬರುವುದಿಲ್ಲ. ಅದು ಈ ರಸ್ತೆಯ ಶೆಡ್ಡುಗಳ ರಿವಾಜು.

ಬೆಳಿಗ್ಗೆ ಅಶ್ವಥ್ ಗಾಡಿ ತಂದು ಬಿಟ್ಟಾಗ ಆಡಿದ್ದೂ ಎರಡೇ ಮಾತು.

"ನೀರು ಕುಡ್ದು ಕೊಳ್ತೋಗೈತೆ ಮೇಸ್ತ್ರಿ. ಮಲಗೋ ಹಲಗೆ ಅಷ್ಟೇ ಬದಲು ಮಾಡು. ನಾಳೆ ಐದಕ್ಕೆ ಹರಿಹರ ಸ್ಟೇಷನ್ನಾಗೆ ಗೆಸ್ಟ್ ಇಳೀತಾರೆ. ನಾಕಕ್ಕೆ ನಂಗೆ ಗಾಡಿ ಬೇಕು."

"ಕೆಳಗಿನ ನಾಯಿ ಡಬ್ಬಿ?"

"ಅದನ್ನ ಮುಟ್ಟಬ್ಯಾಡ. ಹಂಗೇ ಇರ್ಲಿ."

ಕೊಳೆತ ಪ್ಲೈವುಡ್ಡು ಹುಳಿ ನಾರುತ್ತದೆ, ಪದರ ಪದರ ಏಳುತ್ತದೆ. ಇದು ಹಾಗಿರಲಿಲ್ಲ. ನಟ್ಟನಡುವೆ ಲಟಕ್ಕನೆ ಮುರಿದು ಬಿಳಿ ನಾರು ಎದ್ದಿತ್ತು. ಮೇಲಿಂದ ಭಾರ ಬಿದ್ದು ಮುರಿದದ್ದು. ಹಾಗಾದರೆ ಸುಳ್ಳು ಯಾಕೆ ಹೇಳಿದ ಎಂದುಕೊಂಡೇ ಗಿಡ್ಡಪ್ಪ ಹಲಗೆ ಮಗುಚಿದ್ದು.

ಬೊಟ್ಟುಗಳ ಪಕ್ಕದಲ್ಲಿ ಅವನದೇ ಅಕ್ಷರವಿತ್ತು. ಯಾವ ಹಲಗೆ ಕೂರಿಸಿದರೂ ಅದರ ಕೆಳಮೈಯಲ್ಲಿ ಪೆನ್ಸಿಲ್ಲಿನಿಂದ ಹೆಸರು, ಅಳತೆ ಬರೆಯುವುದು ಅವನ ಪದ್ಧತಿ. ಯಾರೂ ನೋಡದ ಜಾಗ. ಮತ್ತೆ ರಿಪೇರಿಗೆ ಬಂದರೆ ತನಗೆ ಗೊತ್ತಾಗಲಿ ಎಂದಷ್ಟೆ. ದಪ್ಪ ಅಕ್ಷರದಲ್ಲಿ ಹೀಗಿತ್ತು: ಅಶ್ವಥ್, ದಾವಣಗೆರೆ. ಹಲಗೆ ೬-೩ × ೫. ನಾಯಿ ಡಬ್ಬಿ ೫ × ೨. ತೂತು ೧೨.

ಅವತ್ತು ಮಾಬೂಬೀ ನಕ್ಕು ಕೇಳಿದ್ದಳು: "ಐದಡಿ ನಾಯಿ ಯಾವ ದೇಶದ್ದು ಮೇಸ್ತ್ರಿ?"

"ದೊಡ್ಡೋರ ನಾಯಿ ಉದ್ದಾನೇ ಇರ್ತಾವೆ ಬಿಡು," ಎಂದು ಅವನೂ ನಕ್ಕಿದ್ದ. ನಗುತ್ತಲೇ ಡ್ರಿಲ್ ಹಿಡಿದು ಉಸಿರಾಟಕ್ಕೆಂದು ಹನ್ನೆರಡು ತೂತು ಕೊರೆದಿದ್ದ. ಒಂದೇ ಸಾಲು, ಒಂದಕ್ಕೊಂದು ಸಮ ದೂರ. ಕೆಲಸ ಚೊಕ್ಕವಾಗಿತ್ತು.

ಈಗ ಅವನು ಬಗ್ಗಿ ಡಬ್ಬಿಯೊಳಗೆ ಕೈ ಹಾಕಿದ. ನಾಲ್ಕು ಮಡಿಕೆ ಮಾಡಿ ಹಾಸಿದ ಹಳೆ ಸೀರೆ. ಹಲ್ಲು ಮುರಿದ ಬಾಚಣಿಗೆ, ಅದರಲ್ಲಿ ಉದ್ದ ಕೂದಲು. ಅರ್ಧ ನೀರಿದ್ದ ಬಾಟಲಿ. ಒಂದು ಮೂಲೆಯಲ್ಲಿ ಒಣಗಿ ಕಪ್ಪಾದ ರಕ್ತ. ನಾಯಿಯ ಒಂದು ರೋಮವೂ ಇರಲಿಲ್ಲ. ಹೊರಗೆ, ತಾನು ಚಿಲಕ ಕೂರಿಸಿದ್ದ ಕಡೆ, ಚಿಲಕ ಇರಲಿಲ್ಲ. ನಾಲ್ಕು ಸ್ಕ್ರೂ ತೂತು ಮಾತ್ರ ಇದ್ದವು. ಗಿಡ್ಡಪ್ಪ ಅದನ್ನು ನೋಡಿದ, ಆದರೆ ಯೋಚಿಸಲಿಲ್ಲ. ಯೋಚಿಸುವ ಸ್ಥಿತಿಯಲ್ಲಿ ಅವನು ಇರಲಿಲ್ಲ. ಅವನ ಕಿವಿಯಲ್ಲಿ ತನ್ನದೇ ನಗು ಕೇಳುತ್ತಿತ್ತು. ಮನುಷ್ಯಳೊಬ್ಬಳನ್ನು ಇಷ್ಟೆತ್ತರದ ಡಬ್ಬಿಯಲ್ಲಿ ಮಡಚಿಟ್ಟು ಊರೂರು ಸುತ್ತಿಸಿದ್ದಾರೆ, ಮಡಚುವುದಕ್ಕೆ ಅಳತೆ ಕೊಟ್ಟವನು ತಾನು.

ಅವನು ಹಾರೆ ಎತ್ತಿಕೊಂಡ.

"ತಡಿ ಮೇಸ್ತ್ರಿ," ಎಂದಳು ಮಾಬೂಬೀ. "ಆಕಿ ಯಾರು, ಏನು, ಒಂದು ಮಾತು ಕೇಳಿ ಒಡಿ."

"ಇದ್ರಾಗೆ ಕೇಳೋದೇನೈತೆ?"

ಮೊದಲ ಏಟಿಗೆ ಡಬ್ಬಿಯ ಬಾಗಿಲು ಹಾರಿತು. ಹತ್ತು ನಿಮಿಷದಲ್ಲಿ ಡಬ್ಬಿ ಒಲೆಗೆ ಹಾಕುವ ಸೌದೆಯಾಯಿತು.

ಅವಳು ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಂದಳು. ಬಸ್ಸಿಳಿದು, ಲಾರಿಗಳ ನಡುವೆ ದಾರಿ ಮಾಡಿಕೊಂಡು, ಎಡಗೈಯನ್ನು ಎದೆಗೆ ಕಟ್ಟಿಕೊಂಡ ಹೆಂಗಸು. ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿತ್ತು. ನಲವತ್ತಕ್ಕೆ ಇನ್ನೂ ಒಂದೆರಡು ವರ್ಷ ಇರಬಹುದು. ಹಣೆಯ ಮೇಲೆ ಹೊಲಿಗೆ, ಅದರ ಕೆಳಗೆ ಕೆಂಪು ಬೊಟ್ಟು.

"ಅಶ್ವಥಣ್ಣನ ಗಾಡಿ ಇಲ್ಲಿ ಬಂದೈತೇನ್ರಿ? ಒಳಗೆ ನನ್ನ ಸಾಮಾನು ಅವೆ."

ಗಿಡ್ಡಪ್ಪ ಬಾಚಣಿಗೆ, ಸೀರೆ, ಬಾಟಲಿ ಇಟ್ಟಿದ್ದ ಚೀಲ ಕೊಟ್ಟ. ಅವಳು ಚೀಲ ಇಸಿದುಕೊಂಡು ಗಾಡಿಯೊಳಗೆ ಇಣುಕಿದಳು. ಡಬ್ಬಿ ಇದ್ದ ಜಾಗ ಖಾಲಿ. ತಿರುಗಿ ನೋಡಿದಳು. ಸೌದೆಯ ರಾಶಿ ಕಂಡಿತು.

"ಯಾರು ಒಡ್ದಿದ್ದು?"

"ನಾನೇ ಕಣವ್ವ," ಎಂದ ಗಿಡ್ಡಪ್ಪ. ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು. "ಇನ್ಮ್ಯಾಲೆ ನೀನು ಅದ್ರಾಗೆ ಮಲಗಂಗಿಲ್ಲ."

"ನಿನ್ನ ಕೈ ಸೇದಿ ಹೋಗ!" ಎಂದಳು ಅವಳು.

ಶೆಡ್ಡಿನಲ್ಲಿ ಸುತ್ತಿಗೆ ಸದ್ದು ನಿಂತಿತು.

"ಹೇಳಿದ್ನಾ ನಿಂಗೆ? ನನ್ನ ಕೇಳಿದ್ಯಾ? ಅದಕ್ಕ ಚಿಲಕ ಇತ್ತಲ್ಲೋ ಮಾರಾಯ! ಒಳಗಿಂದ ಚಿಲಕ! ಆ ಗಾಡೀಲಿ ಒಳಗಿಂದ ಹಾಕ್ಕಣಾ ಚಿಲಕ ಇದ್ದಿದ್ದು ಅದೊಂದಕ್ಕೇ. ಇವತ್ತು ನಾಕಕ್ಕೆ ಗಾಡಿ ಹೊರಡ್ತತೆ. ಐದು ದಿನದ ಟ್ರಿಪ್ಪು. ಎಲ್ಲಿ ಮಲಗ್ಲಿ ಹೇಳು? ನಿನ್ನ ತಲೆ ಮ್ಯಾಲೆ ಮಲಗ್ಲಾ?"

ಮಾಬೂಬೀ ಸ್ಟೂಲು ಎಳೆದು ಹಾಕಿದಳು. "ಕೂಡವ್ವ. ಬೈಯೋದು ಕೂತೂ ಬೈಯಬಹುದು."

ಅವಳು ಕೂತಳು. ಚಹಾ ಬಂತು. ಚಹಾ ಕುಡಿಯುತ್ತಾ, ಬೇರೆ ಯಾರದೋ ಸಂಗತಿ ಹೇಳುವವಳ ಹಾಗೆ ಹೇಳಿದಳು.

"ನಾಯಿ ಇರ್ಲೇ ಇಲ್ಲ ಬಿಡ್ರಿ. ಮೊದಲ ದಿನಾನೇ ಇಲ್ಲಿ ಮಲಕ್ಕೋ ಅಂತ ತೋರ್ಸಿದ್ರು. ಗೆಸ್ಟ್ ಉಂಡ ಮ್ಯಾಲೆ ನಾನು ಅವರ ಕಣ್ಣಿಗೆ ಬೀಳಬಾರದಂತೆ. ಅವರ ದುಡ್ಡು, ಅವರ ಖುಷಿ, ನಡುವೆ ನನ್ನ ಮುಖ ಯಾಕ ಅಂತ. ಹೊರಗಿಂದ ಡ್ರೈವರು ಚಿಲಕ ಹಾಕ್ತಿದ್ದ. ಹದಿನೈದು ದಿನ. ಉಚ್ಚೆ ಬಂದ್ರೂ ಬಡೀಬೇಕು. ಆಗಲ್ಲ ಅಂದೆ. ಹಂಗಾದ್ರೆ ಕೆಳಗೆ ಓಡಾಡೋ ಜಾಗದಾಗೆ ಮಲಕ್ಕೋ ಅಂದ್ರು. ಮಲಕ್ಕಂಡೆ, ಎರಡು ಟ್ರಿಪ್ಪು."

ಲೋಟ ಕೆಳಗಿಟ್ಟಳು.

"ಯಾರ ಕೈ ಯಾವ ಕಡೆಯಿಂದ ಬರ್ತತೆ ಗೊತ್ತಾಗ್ತಿರ್ಲಿಲ್ಲ. ಹರಿಹರದಾಗೆ ಒಂದು ಸ್ಕ್ರೂಡ್ರೈವರ್ ತಗಂಡೆ. ಚಿಲಕ ಬಿಚ್ಚಿ ಒಳಗೆ ಹಾಕ್ಕಂಡು, ನಾನೇ ನನ್ನ ಕಾಲಾಗೆ ನಡ್ಕಂಡು ಹೋಗಿ ಡಬ್ಬಿ ಸೇರಿದೆ. ಸೊಂಟ ನೋಯ್ತಿತ್ತು. ನಿದ್ದೆ ಬರ್ತಿತ್ತು."

ಗಿಡ್ಡಪ್ಪನಿಗೆ ಆ ನಾಲ್ಕು ಸ್ಕ್ರೂ ತೂತು ನೆನಪಾದವು. ನೋಡಿದ್ದ. ನೋಡಿಯೂ ಹಾರೆ ಎತ್ತಿದ್ದ.

"ಕೈಗೆ ಏನಾತು?" ಕೇಳಿದಳು ಮಾಬೂಬೀ.

"ಹೊಳೆ ದಂಡೆ ಮ್ಯಾಲೆ ಗಾಡಿ ನಿಂತಿತ್ತು. ಮಟಮಟ ಮಧ್ಯಾಹ್ನ. ಉಣ್ಣಾಕೆ ಇಕ್ಕಿ ಡಬ್ಬಿ ಒಳಗೆ ಹೋಗಿದ್ದೆ. ಮ್ಯಾಲೆ ಆರು ಜನ ಹತ್ತಿ ತಲೆ ಬಗ್ಗಿಸಿಕಂಡೇ ಕುಣಿದ್ರು. ವಿಡಿಯೋ ಮಾಡಾಕೆ. ಹಲಗೆ ಮುರಿದು ಹಾಸಿಗೆ ಸಮೇತ ನನ್ನ ಮ್ಯಾಲೇ ಬಂತು. ಎಲ್ರೂ ನಗ್ತಿದ್ರು. ಒಳಗೆ ಒಂದು ಜೀವ ಐತೆ ಅಂತ ಅವರಿಗೆ ಗೊತ್ತಿಲ್ಲಲ್ಲ."

"ಕೂಗ್ಲಿಲ್ಲೇನೇ ನೀನು?"

"ಕೂಗಿದ್ರೆ ಡಬ್ಬಿ ಒಳಗೆ ಮನುಷ್ಯಳು ಅದಾಳೆ ಅಂತ ಗೊತ್ತಾಗ್ತಿತ್ತು. ಗೊತ್ತಾದ್ರೆ ನಾಳೆ ಕೆಲಸಕ್ಕೆ ಬ್ಯಾಡ ಅಂತಾರೆ. ಅವರು ಹೊಳೆಗೆ ಇಳಿಯೋ ತನಕ ಸೆರಗು ಕಚ್ಚಿಕಂಡು ಇದ್ದೆ."

ಮಾಬೂಬೀಯ ಕೈಯಲ್ಲಿದ್ದ ದಬ್ಬಣ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಅವಳು ಬಗ್ಗಲಿಲ್ಲ. ಹರಿಹರದ ಕಡೆಯಿಂದ ಬಂದ ಲಾರಿಯೊಂದು ಉದ್ದಕ್ಕೆ ಹಾರನ್ ಹೊಡೆದು ಹೋಯಿತು.

ಸ್ಟೂಲಿನ ಮೇಲಿದ್ದವಳು ಗಿಡ್ಡಪ್ಪನ ಮುಖ ನೋಡಿದಳು. "ನಿನ್ನ ಅಕ್ಷರ ಚಂದ ಅವೆ ಮೇಸ್ತ್ರಿ."

"ಏನಂದೆ?"

"ಏಳನೇ ಕ್ಲಾಸು ಓದೀನಿ ನಾನು. ಮಲಗಿದ್ರೆ ಮೂಗಿನ ಮ್ಯಾಲೇ ಇರ್ತಿತ್ತು. ತೂತಿಂದ ಬರೋ ಬೆಳಕಿಗೆ ಓದ್ತಿದ್ದೆ. ನಾಯಿ ಡಬ್ಬಿ, ಐದು, ಎರಡು. ತೂತು ಹನ್ನೆರಡು. ದಿನಾ ಅದೇ. ಓದಾಕೆ ಬ್ಯಾರೆ ಏನಿತ್ತು ಅಲ್ಲಿ?"

ಇಪ್ಪತ್ತೆಂಟು ವರ್ಷದಲ್ಲಿ ಗಿಡ್ಡಪ್ಪ ಎಷ್ಟು ಹಲಗೆಗಳ ಕೆಳಗೆ ಬರೆದಿದ್ದನೋ ಲೆಕ್ಕವಿಲ್ಲ. ಅದನ್ನು ಒಬ್ಬರು ಓದುತ್ತಾರೆ ಎಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವನು ಎದ್ದು ಶೆಡ್ಡಿನ ಹಿಂದೆ ಹೋಗಿ ತೊಟ್ಟಿಯ ನೀರಿಗೆ ಮುಖ ಹಾಕಿದ. ವಾಪಸು ಬಂದಾಗ ಅವನ ಕಣ್ಣು ಕೆಂಪಾಗಿತ್ತು.

"ಈಗ ಏನು ಮಾಡ್ತೀಯ ಹೇಳು," ಎಂದಳು ಅವಳು. "ನಂಗೆ ಕನಿಕರ ಬ್ಯಾಡ. ನಾಕು ಗಂಟೆ ಒಳಗೆ ಒಂದು ಚಿಲಕ ಬೇಕು. ಒಳಗಿಂದ."

"ಅದೇ ಡಬ್ಬಿ ಮತ್ತೆ ಮಾಡು ಅಂದ್ರೆ ನನ್ನ ಕೈಲಿ ಆಗಲ್ಲವ್ವ."

"ಆಗಲ್ಲ ಅನ್ನಾಕೆ ನಿಂಗೆ ಮನೆ ಐತೆ. ಹೋಗಿ ಮಲಗ್ತೀಯ."

ಮಾಬೂಬೀ ಗೋಡೆಗೊರಗಿಸಿದ್ದ ಹೊಸ ಹಲಗೆಯ ಕಡೆ ಕೈ ತೋರಿಸಿದಳು.

"ಅದು ಎಷ್ಟು ಅಗಲ ಮೇಸ್ತ್ರಿ?"

"ಐದಡಿ."

"ಈಕಿ ಎಷ್ಟು ಅಗಲ ಅದಾಳೆ?"

ಗಿಡ್ಡಪ್ಪ ಹಲಗೆ ನೋಡಿದ, ಅವಳನ್ನು ನೋಡಿದ. ಆಮೇಲೆ ಹಲಗೆಯನ್ನು ನೆಲಕ್ಕೆ ಮಲಗಿಸಿದ.

"ಇದ್ರ ಮ್ಯಾಲೆ ಮಲಕ್ಕೋ ತಾಯಿ. ಅಳತೆ ತಗಂತೀನಿ. ಮ್ಯಾಲೇ ಮಾಡ್ತೀನಿ ನಿನ್ನ ಜಾಗ."

ಲಾರಿ ಬಾಡಿಯ ಶೆಡ್ಡಿನಲ್ಲಿ ಅದುವರೆಗೆ ಮನುಷ್ಯರ ಅಳತೆ ತೆಗೆದಿರಲಿಲ್ಲ. ಅವಳು ಅನುಮಾನದಿಂದಲೇ ಮಲಗಿದಳು. ಮಾಬೂಬೀ ಸೀಮೆಸುಣ್ಣ ಹಿಡಿದು ತಲೆಯ ಹತ್ತಿರ ಗೀಟು ಹಾಕಿದಳು. ಕಾಲಿನ ಹತ್ತಿರ ಬಂದು ನಿಂತಳು.

"ಕಾಲು ಚಾಚವ್ವ."

"ಚಾಚೀನಲ್ಲ."

ಚಾಚಿರಲಿಲ್ಲ. ಮಂಡಿಗಳು ಮಡಚಿ, ಪಕ್ಕಕ್ಕೆ ವಾಲಿ, ಡಬ್ಬಿಯಲ್ಲಿ ಇದ್ದ ಹಾಗೇ ಇದ್ದವು. ಸುತ್ತ ಶೆಡ್ಡಿನ ಅಷ್ಟಗಲ ನೆಲವಿತ್ತು, ಮೇಲೆ ಇಪ್ಪತ್ತಡಿ ಎತ್ತರಕ್ಕೆ ತಗಡಿತ್ತು. ಅವಳ ಮೈಗೆ ಅದು ಗೊತ್ತಾಗಿರಲಿಲ್ಲ. ಮಾಬೂಬೀ ಕುಕ್ಕರುಗಾಲಲ್ಲಿ ಕೂತು, ಎರಡೂ ಮಂಡಿಗಳ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒತ್ತಿದಳು. ಕಾಲು ಇಂಚಿಂಚಾಗಿ ಚಾಚಿಕೊಂಡವು. ಮಲಗಿದವಳು ಚಾವಣಿ ನೋಡುತ್ತಿದ್ದಳು. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಐದಡಿ, ಒಂದಿಂಚು, ಮೂರು ನೂಲು," ಎಂದ ಗಿಡ್ಡಪ್ಪ. ಇಂಚಿನ ಎಂಟನೇ ಒಂದು ಪಾಲಿಗೆ ಬಡಗಿಗಳು ನೂಲು ಎನ್ನುತ್ತಾರೆ. ನಾಯಿಗೆ ಲೆಕ್ಕ ಹಾಕುವಾಗ ಅವನು ನೂಲು ಹಿಡಿದಿರಲಿಲ್ಲ.

ಕೆಲಸ ಸುರುವಾಯಿತು. ಹಲಗೆಯ ಅಡಿಗೆ ಕಬ್ಬಿಣದ ಮೂರು ಅಡ್ಡಪಟ್ಟಿ ಬಿಗಿದರು. ಇನ್ನು ಹತ್ತು ಜನ ಕುಣಿದರೂ ಅದು ಬಗ್ಗುವಂತಿರಲಿಲ್ಲ. ಅಗಲದಲ್ಲಿ ಮೂರಡಿ ಬಿಟ್ಟು ನಡುವೆ ಉದ್ದಕ್ಕೆ ಒಂದು ಮರದ ಗೋಡೆ. ಅದರ ಆಚೆ ಎರಡಡಿ ಅಗಲದ ಜಾಗ. ಉದ್ದ ಪೂರಾ ಆರಡಿ ಮೂರಿಂಚು. ತಲೆಯ ಹತ್ತಿರ ಕಿಟಕಿ, ಅದಕ್ಕೆ ಮಾಬೂಬೀ ಸೊಳ್ಳೆಪರದೆ ಹೊಲಿದಳು. ಕಾಲಿನ ಕಡೆ ಸಣ್ಣ ಬಾಗಿಲು. ಚಾವಣಿ ತಗ್ಗಿಸುವಾಗ ಗೋಡೆ ಮಡಚಿಕೊಳ್ಳಲಿ ಎಂದು ಕೀಲು. ಚಿಲಕವನ್ನು ಗಿಡ್ಡಪ್ಪ ಸಾಮಾನಿನ ಪೆಟ್ಟಿಗೆಯಲ್ಲಿದ್ದ ಐದಾರರಲ್ಲಿ ಹುಡುಕಿ ತೆಗೆದ: ಲಾರಿಯ ಹಿಂಬಾಗಿಲಿಗೆ ಹಾಕುವ ಉಕ್ಕಿನ ಚಿಲಕ, ಹೆಬ್ಬೆರಳಿನ ದಪ್ಪ.

ಗಾಡಿಗೆ ಕೂರಿಸುವ ಮುಂಚೆ ಹಲಗೆ ಮಗುಚಿ, ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದ.

"ಹೆಸರು ಹೇಳವ್ವ."

"ಯಾವ್ದು? ಗಾಡೀಲಿ ಲಕ್ಷ್ಮೀದೇವಿ. ನಮ್ಮೂರು ಕುಕ್ಕುವಾಡದಾಗೆ ದುರುಗಮ್ಮ."

"ಯಾಕ ಎರಡು?"

"ದುರುಗಮ್ಮ ಅಂದ್ರೆ ಯಾವ ಕೇರಿ ಅಂತ ಕೇಳ್ತಾರಂತೆ. ಲಕ್ಷ್ಮೀದೇವಿ ಅಂದ್ರೆ ಸುಮ್ಮನೆ ಉಣ್ತಾರಂತೆ. ಅಶ್ವಥಣ್ಣನೇ ಇಟ್ಟಿದ್ದು."

"ಬರಿಯಾಕೆ ಯಾವ್ದು ಬೇಕು?"

ಅವಳು ಬಲಗೈಯಿಂದ ಹಲಗೆಯನ್ನು ಒಮ್ಮೆ ಸವರಿದಳು. "ನಮ್ಮವ್ವ ಇಟ್ಟಿದ್ದು ಬರಿ."

ಗಿಡ್ಡಪ್ಪ ಬರೆದ. ಎರಡು ಸಲ ತಿದ್ದಿ ದಪ್ಪ ಮಾಡಿದ.

ಅಶ್ವಥ್ ನಾಲ್ಕಕ್ಕೆ ಐದು ನಿಮಿಷವಿರುವಾಗ ಕಾರಿನಲ್ಲಿ ಬಂದ. ಎತ್ತಿದ ಚಾವಣಿ ನೋಡಿ ಖುಷಿಯಾಗಿ ಒಳಗೆ ಹತ್ತಿದ. ಖುಷಿ ಅಲ್ಲಿಗೇ ನಿಂತಿತು.

"ಏನ್ ಮೇಸ್ತ್ರಿ ಇದು?"

"ಹಲಗೆ ಬದಲು ಮಾಡೀನಿ."

"ನಡುವೆ ಗೋಡೆ ಯಾಕ? ಡಬ್ಬಿ ಎಲ್ಲಿ?"

"ನಾಯಿ ಇರ್ಲಿಲ್ಲ, ಡಬ್ಬಿ ತೆಗ್ದೆ. ಗಾಡೀಲಿ ಒಬ್ಬ ಮನುಷ್ಯಳಿದ್ಲು. ಆಕಿಗೆ ಜಾಗ ಮಾಡೀನಿ."

ಅಶ್ವಥ್‌ನ ಕಣ್ಣು ಮೂಲೆಯಲ್ಲಿ ನಿಂತಿದ್ದ ದುರುಗಮ್ಮನ ಮೇಲೆ ಬಿತ್ತು. ಕೂಗಿಬಿಟ್ಟ.

"ಗೆಸ್ಟ್ ಮಲಗೋ ಸಮಕ್ಕೆ ಈಕಿ ಮಲಗ್ತಾಳಾ? ಒಂದೇ ಹಲಗೆ ಮ್ಯಾಲೆ? ತಲೆ ಕೆಟ್ಟೈತೇನಲೇ ನಿಂಗೆ? ಅವರಿಗೆ ಗೊತ್ತಾದ್ರೆ ಅರ್ಧ ದಾರೀಲಿ ಇಳ್ಕಂಡು ಹೋಗ್ತಾರೆ! ಗೋಡೆ ಕೀಳು. ಈಗಲೇ ಕೀಳು."

"ನಾನು ಕಿತ್ತಿದ್ದು ಸಾಕು," ಎಂದ ಗಿಡ್ಡಪ್ಪ. "ಒಂದು ಸಲ ಕೇಳದೇ ಕಿತ್ತು ಬೈಸಿಕಂಡೀನಿ."

"ಹಂಗಾದ್ರೆ ನಾನೇ ಕೀಳ್ತೀನಿ. ಹಾರೆ ಕೊಡಿಲ್ಲಿ."

ಅವನು ಹಾರೆಗೆಂದು ಕೆಳಗಿಳಿದ. ಅಷ್ಟರಲ್ಲಿ ದುರುಗಮ್ಮ ಚಪ್ಪಲಿ ಬಿಟ್ಟು, ಒಂದೇ ಕೈಯಲ್ಲಿ ಏಣಿ ಹಿಡಿದು ಮೇಲೆ ಹತ್ತಿದಳು. ಮಾಬೂಬೀ ಹಿಂದಿನಿಂದ ಸೊಂಟಕ್ಕೆ ಆಸರೆ ಕೊಟ್ಟಳು. ಚೀಲ ಒಳಗೆ ಹೋಯಿತು, ಅವಳು ಒಳಗೆ ಹೋದಳು, ಬಾಗಿಲು ಮುಚ್ಚಿತು. ಉಕ್ಕಿನ ಚಿಲಕ ಗಡಾರನೆ ಕೂತ ಸದ್ದು ಶೆಡ್ಡಿನ ತುಂಬ ಕೇಳಿತು.

ಹಾರೆ ಹಿಡಿದು ವಾಪಸು ಹತ್ತಿದ ಅಶ್ವಥ್ ಬಾಗಿಲು ಎಳೆದ. ಅದು ಅಲುಗಲಿಲ್ಲ. ಗೋಡೆಗೆ ಹಾರೆ ಹಚ್ಚಲು ಹೋಗಿ ತಡೆದ. ಗೋಡೆಯ ಆಚೆ ಅವಳ ತಲೆಯಿತ್ತು. ಶೆಡ್ಡಿನ ವೆಲ್ಡರುಗಳು, ಪೇಂಟರುಗಳು ಎಲ್ಲ ಕೆಲಸ ಬಿಟ್ಟು ಗಾಡಿಯ ಸುತ್ತ ಬಂದು ನಿಂತಿದ್ದರು. ಅವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ನೋಡಿ, ಕಡಿದು, ಜೇಬಿಗೆ ಹಾಕಿದ. ದನಿ ಇಳಿಸಿದ.

"ಲಕ್ಷ್ಮೀದೇವಮ್ಮಾ. ಬಾಗ್ಲು ತಗೀ. ಮಾತಾಡಾಣ."

ಒಳಗಿಂದ ಉತ್ತರ ಬಂತು, ನಿಧಾನವಾಗಿ, ಮಲಗಿದವರ ದನಿಯಲ್ಲಿ.

"ಆ ಹೆಸರಿನೋರು ಇಲ್ಲಿ ಯಾರೂ ಇಲ್ರಿ."

ಅಶ್ವಥ್ ಮತ್ತೆ ಬಾಯಿ ತೆರೆದ. ಕರೆಯಬೇಕಿತ್ತು. ಒಂದೂವರೆ ವರ್ಷ ಅವಳ ಕೈಯಡುಗೆಯಿಂದ ಗಾಡಿ ನಡೆಸಿದ್ದ, ಅವಳ ಆಧಾರ್ ಕಾರ್ಡಿನ ಜೆರಾಕ್ಸ್ ಅವನ ಆಫೀಸಿನ ಫೈಲಿನಲ್ಲಿತ್ತು. ಹೆಸರು ನೆನಪಿಗೆ ಬರಲಿಲ್ಲ. ತನಗೆ ಗೊತ್ತಿಲ್ಲ ಎಂಬುದು ಅವನಿಗೇ ಆಗಷ್ಟೇ ಗೊತ್ತಾದ ಹಾಗೆ, ಅವನು ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದ.

"ಮೇಸ್ತ್ರಿ, ಆಕಿ... ಆಕಿ ಹೆಸರೇನು?"

"ಹಲಗೆ ಕೆಳಗೆ ಬರ್ದೀನಿ," ಎಂದ ಗಿಡ್ಡಪ್ಪ. "ನಿಂತ್ರೆ ಕಾಣಲ್ಲ. ಡಬ್ಬಿ ಇತ್ತಲ್ಲ, ಆ ಜಾಗಕ್ಕೆ ಹೋಗಿ, ಅಂಗಾತ ಮಲಗಿ ನೋಡ್ರಿ."

ಫೋನ್ ಮತ್ತೆ ಬಡಿದುಕೊಳ್ಳತೊಡಗಿತು. ಹರಿಹರ ಸ್ಟೇಷನ್ನಿಗೆ ರೈಲು ಬರಲು ಇನ್ನು ಮುಕ್ಕಾಲು ಗಂಟೆಯಿತ್ತು. ಅಶ್ವಥ್ ಇಸ್ತ್ರಿ ಮಾಡಿದ ಪ್ಯಾಂಟನ್ನು ಮಂಡಿಯ ಹತ್ತಿರ ಎರಡೂ ಕೈಯಲ್ಲಿ ಹಿಡಿದುಕೊಂಡು, ಹಲಗೆಯ ಕೆಳಗಿನ ಕತ್ತಲೆಯನ್ನು ನೋಡುತ್ತಾ ನಿಂತಿದ್ದ.